ಗಾನಯೋಗಿ ಪಂಚಾಕ್ಷರಿ ಗವಾಯಿಗಳು: ಶುಲ್ಕವಿಲ್ಲದ ಸೇವೆಯ ಖರ್ಚು

1892ರ ಫೆಬ್ರವರಿ 2ರಂದು, ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ, ಇಂದು ಹಾವೇರಿ ಜಿಲ್ಲೆಯಲ್ಲಿರುವ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ ಮತ್ತು ನೀಲಮ್ಮ ದಂಪತಿಗಳಿಗೆ ಗಂಡು ಮಗುವೊಂದು ಜನಿಸಿತು. ಗದಿಗೆಯ್ಯ ಎಂದು ಹೆಸರಿಟ್ಟರು. ಮಗುವಿಗೆ ದೃಷ್ಟಿ ಇರಲಿಲ್ಲ. ಅಣ್ಣ ಗುರುಬಸಯ್ಯನೂ ಅಂಧನೇ. ಒಂದೇ ಬಡ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು ಎಂದರೆ ಆ ಕಾಲದಲ್ಲಿ ಏನರ್ಥವೆಂಬುದನ್ನು ನಮ್ಮ ಹಿರಿಯರು ಬಲ್ಲರು. ಹೆತ್ತವರ ಕೈಯಲ್ಲಿ ಶಕ್ತಿ ಇರುವ ತನಕ ಮನೆ. ಅನಂತರ ಗುಡಿಯ ಮೆಟ್ಟಿಲು, ಸಂತೆಯ ದಾರಿ, ಒಂದು ತಟ್ಟೆ.

ಈ ವೀರಶೈವ ಗಾನಯೋಗಿಯ ಜೀವನವನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕಥೋಲಿಕ ಕುಟುಂಬಗಳ ಮುಂದಿಡಲು ನಮಗೊಂದು ಕಾರಣವಿದೆ. ಕಣ್ಣು ಕಾಣದ ವೃದ್ಧ ತಾಯಿಯನ್ನೋ ತಂದೆಯನ್ನೋ ನೋಡಿಕೊಳ್ಳಲು ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಬೇಕಾದ ಸಂದರ್ಭ ಈಗ ಅನೇಕ ಮನೆಗಳಿಗೆ ಒದಗುತ್ತಿದೆ. ಮಕ್ಕಳು ಬೆಳಗಾವಿ, ಪುಣೆ, ಗೋವಾಗಳಲ್ಲಿ ದುಡಿಯುತ್ತಾರೆ. ಸ್ನಾನಕ್ಕೆ ನೀರು ಕೊಡುವುದು, ಕಣ್ಣಿಗೆ ಹನಿ ಹಾಕುವುದು, ಮಾಸಾಶನಕ್ಕಾಗಿ ಕೈಹಿಡಿದು ಬ್ಯಾಂಕಿಗೆ ಕರೆದೊಯ್ಯುವುದು, ಭಾನುವಾರ ಬಲಿಪೂಜೆಗೆ ಕರೆತಂದು ಕೂರಿಸುವುದು, ಇವು ದಿನನಿತ್ಯದ ಕೆಲಸಗಳು. ಇದಕ್ಕೆ ಹಣ ಪಡೆಯುವುದು ಸರಿಯೇ, ಪಡೆದರೆ ಯಾರಿಂದ ಎಂಬುದೇ ಪ್ರಶ್ನೆ. ಸೇವೆಯೆಂದರೆ ಉಚಿತವಾಗಿರಲೇಬೇಕೆಂದು ಕೆಲವರ ವಾದ. ಉಚಿತವಾದದ್ದು ನಾಲ್ಕು ದಿನ ನಡೆದು ನಿಲ್ಲುತ್ತದೆಂದು ಮತ್ತೆ ಕೆಲವರ ವಾದ. ಗವಾಯಿಗಳು ಈ ಎರಡೂ ವಾದಗಳ ಭಾರವನ್ನು ತಮ್ಮ ಬಾಳಿನಲ್ಲಿ ಹೊತ್ತವರು.

ಬಾಲಕರ ಕಂಠವನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು ಅವರೇ. ಅಂಧ ಸಹೋದರರ ಸಂಗೀತ ಶಿಕ್ಷಣದ ಹೊಣೆಯನ್ನು ಅವರು ವಹಿಸಿಕೊಂಡರು. ಗದಿಗೆಯ್ಯ ಕರ್ನಾಟಕ ಸಂಗೀತವನ್ನು ಕಲಿತು, ಅಷ್ಟಕ್ಕೇ ನಿಲ್ಲದೆ ಮಿರಜಿನ ನೀಲಕಂಠ ಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಅಭ್ಯಾಸ ಮಾಡಿದರು. ಮಲ್ಲಿಕಾರ್ಜುನ ಮನಸೂರರಿಗೂ ಗುರುವಾಗಿದ್ದವರು ಇದೇ ಬುವಾ. ಮಿರಜ ನಮಗೆ ದೂರದ ಊರಲ್ಲ. ಗೋಕಾಕ ರೋಡಿನಲ್ಲಿಯೋ ಘಟಪ್ರಭೆಯಲ್ಲಿಯೋ ರೈಲು ಹತ್ತಿದರೆ ತಲಪುವ ಊರು. ಎರಡೂ ಪದ್ಧತಿಗಳಲ್ಲಿ ಪ್ರಭುತ್ವ ಪಡೆದ ಗದಿಗೆಯ್ಯ ಪಂಚಾಕ್ಷರಿ ಗವಾಯಿ ಎಂದು ನಾಡಿಗೆ ಪರಿಚಿತರಾದರು.

ಅಂತಹ ಗಾಯಕರು ಯಾವುದಾದರೂ ಸಂಸ್ಥಾನದ ಆಶ್ರಯ ಪಡೆದು ನೆಮ್ಮದಿಯಿಂದ ಇರಬಹುದಾಗಿತ್ತು. ಗವಾಯಿಗಳು ಹಾಗೆ ಮಾಡದೆ ಅಂಧ ಮಕ್ಕಳನ್ನೂ ಅನಾಥ ಮಕ್ಕಳನ್ನೂ ಕೂಡಿಸಿಕೊಂಡು ಊರೂರು ಸಂಚರಿಸುವ ಸಂಗೀತ ಪಾಠಶಾಲೆಯೊಂದನ್ನು ನಡೆಸಿದರು. ಮಕ್ಕಳಿಂದ ಶುಲ್ಕವಿಲ್ಲ. ಊಟ, ವಸತಿ, ಪಾಠ ಎಲ್ಲವೂ ಗುರುವಿನ ಹೊಣೆ. ಕುಮಾರಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದ ಮೇಲೆ ಈ ಹೊಣೆ ಇನ್ನಷ್ಟು ಭಾರವಾಯಿತು. ಹತ್ತಾರು ಹೊಟ್ಟೆಗಳು ದಿನಕ್ಕೆರಡು ಸಲ ಹಸಿಯುತ್ತವೆ; ಜೋಳದ ಚೀಲ ತಾನಾಗಿ ತುಂಬುವುದಿಲ್ಲ. ದಾನಿಗಳು ನೆರವಾದರು, ನಿಜ. ಕಡೆಗೆ ಗದಗಿನಲ್ಲಿ ನೆಲೆಯೂ ದೊರೆತು ವೀರೇಶ್ವರ ಪುಣ್ಯಾಶ್ರಮ ರೂಪುಗೊಂಡಿತು. ಆದರೆ ಖರ್ಚಿನ ಬಹುಭಾಗವನ್ನು ಹೊತ್ತುಕೊಂಡವರು ಯಾರು ಎಂದು ವಿಚಾರಿಸಿದರೆ ಸೋಜಿಗವಾಗುತ್ತದೆ. ಹೊತ್ತವರು ಅಂಧರೇ. ಗುರು ಹಾಡಿದರು, ಶಿಷ್ಯರು ಹಾಡಿದರು, ಹಾರ್ಮೋನಿಯಂ ತಬಲಾ ನುಡಿಸಿದರು. ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘವೆಂಬ ನಾಟಕ ಕಂಪನಿಯೂ ಆಶ್ರಮದ ಮಕ್ಕಳ ಅನ್ನಕ್ಕಾಗಿ ಬಣ್ಣ ಹಚ್ಚಿತು. ಪ್ರೇಕ್ಷಕ ಟಿಕೀಟಿಗೆ ಕೊಟ್ಟ ಹಣ ಮಗುವಿನ ಊಟವಾಯಿತು. ಮಗು ಮಾತ್ರ ಯಾರ ಮುಂದೆಯೂ ಕೈಚಾಚಬೇಕಾಗಲಿಲ್ಲ.

ಕುಲಗೋಡ ತಮ್ಮಣ್ಣನವರ ಪಾರಿಜಾತವನ್ನು ಕಂಡ ನಮ್ಮ ಸೀಮೆಯವರಿಗೆ ಇದರ ಮರ್ಮ ಬೇಗ ತಿಳಿದೀತು. ಹಾರ್ಮೋನಿಯಂ ಬಲ್ಲವನಿಗೆ ಆಟ ನಡೆಯುವ ಊರಿನಲ್ಲಿ ರೊಟ್ಟಿಗೆ ಕೊರತೆಯಿಲ್ಲ.

ಕ್ರೈಸ್ತ ಚರಿತ್ರೆಯಲ್ಲಿಯೂ ಇಂತಹುದೊಂದು ಮನೆಯಿದೆ. ಫ್ರಾನ್ಸಿನ ಅರಸ ಸಂತ ಒಂಬತ್ತನೆಯ ಲೂಯಿಸ್ 1260ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ 300 ಅಂಧರಿಗಾಗಿ ಒಂದು ನಿವಾಸ ಕಟ್ಟಿಸಿದನು. ರಾಜನ ದತ್ತಿ ಇದ್ದರೂ ಸಾಲದೆ, ನಿವಾಸಿಗಳು ನಗರದ ದೇವಾಲಯಗಳಲ್ಲಿ, ಬೀದಿಗಳಲ್ಲಿ ಭಿಕ್ಷೆ ಎತ್ತಿ ಮನೆಯನ್ನು ನಡೆಸಬೇಕಾಗುತ್ತಿತ್ತು. ಅಲ್ಲಿಯೂ ಖರ್ಚು ಹೊತ್ತವರಲ್ಲಿ ಅಂಧರು ಸೇರಿದ್ದರು, ಆದರೆ ಬೇಡಿ. ಸಂತನ ಔದಾರ್ಯವನ್ನು ಕಡಿಮೆ ಮಾಡುವುದು ನಮ್ಮ ಉದ್ದೇಶವಲ್ಲ. ಆದರೂ ಹಾಡಿ ಗಳಿಸುವುದಕ್ಕೂ ಬೇಡಿ ಗಳಿಸುವುದಕ್ಕೂ ಇರುವ ಅಂತರವನ್ನು ಗವಾಯಿಗಳು ಅರಿತಿದ್ದರೆಂದು ಹೇಳದೆ ಇರಲಾರೆವು.

ತತ್ವಶಾಸ್ತ್ರದಲ್ಲಿ ಬೆಲೆ ಬೇರೆ, ಘನತೆ ಬೇರೆ ಎಂದು ಜರ್ಮನಿಯ ಕಾಂಟ್ ವಿಂಗಡಿಸಿದ್ದಾನೆ. ಬೆಲೆಯುಳ್ಳದ್ದರ ಬದಲಿಗೆ ಮತ್ತೊಂದನ್ನು ಇಡಬಹುದು. ಘನತೆಯುಳ್ಳ ಮನುಷ್ಯನಿಗೆ ಬದಲಿಯಿಲ್ಲ. ಆರೈಕೆ ಮಾಡುವ ಹೆಂಗಸಿನ ದುಡಿಮೆಗೆ ಬೆಲೆಯಿದೆ. ಅದನ್ನು ಪೂರ್ತಿಯಾಗಿ, ತಿಂಗಳ ಮೊದಲ ವಾರದಲ್ಲಿಯೇ ಕೊಡಬೇಕು. ಅವಳ ಸಂಬಳವನ್ನು ಪುಣ್ಯದ ಹೆಸರಿನಲ್ಲಿ ಕಡಿತ ಮಾಡುವುದು ನ್ಯಾಯವಲ್ಲ. ಆದರೆ ಆ ಹಣವನ್ನು ಕುರುಡು ತಾಯಿಯ ಮಾಸಾಶನದಿಂದ ತೆಗೆದು, ಅವಳ ಕೈಯಲ್ಲಿ ಕಾಣಿಕೆ ಡಬ್ಬಿಗೆ ಹಾಕಲು ಕೂಡ ಒಂದು ನಾಣ್ಯ ಉಳಿಯದಂತೆ ಮಾಡುವ ಮನೆಗಳಿವೆ. ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವು ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನೂ ಆಡುತ್ತದೆ. ಅರ್ಜಿ ಕೊಟ್ಟು ವಿಚಾರಿಸಲು ಒಂದು ದಿನ ಮೀಸಲಿಡುವ ಮಗ ಬೇಕು.

ಗವಾಯಿಗಳು ಕಣ್ಣಿದ್ದವರನ್ನು ದೂರವಿಡಲಿಲ್ಲ. ಯಲಿವಾಳದ ಬಸವರಾಜ ರಾಜಗುರು ಬಾಲ್ಯದಲ್ಲಿಯೇ ಅವರ ಬಳಿ ಸೇರಿ, ಮುಂದೆ ಹಿಂದುಸ್ತಾನಿ ಸಂಗೀತದ ಹೆಸರಾಂತ ಗಾಯಕರಾದರು. ಹೀಗೆ ಕಣ್ಣಿದ್ದವನಿಗೆ ಅಂಧನೇ ಕೈಹಿಡಿದು ದಾರಿ ತೋರಿದನು. ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ 1914ರಲ್ಲಿ ಜನಿಸಿ ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರನ್ನು ಅವರು ಮಗನಂತೆ ಬೆಳೆಸಿದರು. ಪುಟ್ಟರಾಜರು ಹಾಡಿದರು, ನುಡಿಸಿದರು, ನಾಟಕ ಕಂಪನಿಗೆ ನಾಟಕಗಳನ್ನೂ ರಚಿಸಿದರು.

1944ರ ಜೂನ್ 11ರಂದು ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಆಗ ಅವರಿಗೆ 52 ವರ್ಷ. ಆಶ್ರಮದ ಹೊಣೆ 30 ವರ್ಷದ ಪುಟ್ಟರಾಜರ ಹೆಗಲಿಗೆ ಬಂದಿತು. 2010ರ ಸೆಪ್ಟೆಂಬರ್ 17ರವರೆಗೆ, ಎಂದರೆ 66 ವರ್ಷಗಳ ಕಾಲ, ಅವರು ಅದನ್ನು ಇಳಿಸಲಿಲ್ಲ. ಗುರುವಿನ ಕಥೆ 1995ರಲ್ಲಿ ಚಲನಚಿತ್ರವಾಗಿ, ಅದರ ಸಂಗೀತಕ್ಕೂ ಗಾಯನಕ್ಕೂ ರಾಷ್ಟ್ರಪ್ರಶಸ್ತಿ ಬಂದದ್ದು ಹಲವರ ನೆನಪಿನಲ್ಲಿದೆ. ಭಕ್ತರು ಊರೂರುಗಳಲ್ಲಿ ಪುಟ್ಟರಾಜರನ್ನು ನಾಣ್ಯಗಳಿಂದ ತುಲಾಭಾರ ಮಾಡುತ್ತಿದ್ದರು. ತಕ್ಕಡಿಯಿಂದ ಇಳಿದ ನಾಣ್ಯಗಳು ಚೀಲ ಸೇರಿ ಗದಗಿನ ಅಡುಗೆಮನೆಗೆ ಹೋಗುತ್ತಿದ್ದವು.