ಗೆಲಿಲಿಯೋ ಮತ್ತು ತೂಗುವ ದಾರ

ಒಂದು ಹಗಲನ್ನು ಅಳೆಯುವುದು ಮನುಷ್ಯನಿಗೆ ಎಂದೂ ಕಷ್ಟವಾಗಿರಲಿಲ್ಲ. ಸೂರ್ಯನೇ ಆ ಕೆಲಸವನ್ನು ಮಾಡಿಕೊಡುತ್ತಿದ್ದನು. ನಮ್ಮ ಹಿರಿಯರು ನೀರಿನಲ್ಲಿ ತೇಲಿಬಿಟ್ಟ ಗಳಿಗೆ ಬಟ್ಟಲು ಮುಳುಗುವುದನ್ನು ಕಾದುಕೊಂಡಿದ್ದು, 24 ನಿಮಿಷಗಳ ಒಂದೊಂದು ಗಳಿಗೆಯನ್ನು ಎಣಿಸಿ ಮುಹೂರ್ತವನ್ನು ಸಾಧಿಸುತ್ತಿದ್ದರು. ಆದರೆ ಗಳಿಗೆಗಿಂತ ಬಹು ಸಣ್ಣದಾದ ಕಾಲದ ಗತಿಯೇನು? ಧಾರಾವಿಯ ಕುಂಭಾರವಾಡದಲ್ಲಿ ತಿಗರಿಯು ಒಂದು ಸುತ್ತು ಬರುವಷ್ಟು ಹೊತ್ತು, ಪಕ್ಕದ ಓಣಿಯಲ್ಲಿ ಹೊಲಿಗೆಯ ಯಂತ್ರವು ಒಂದು ಗೇಣು ಬಟ್ಟೆಯನ್ನು ದಾಟಿಸುವಷ್ಟು ಹೊತ್ತು, ಜ್ವರ ಬಂದ ಮಗುವಿನ ನಾಡಿ ಒಮ್ಮೆ ಬಡಿಯುವಷ್ಟು ಹೊತ್ತು, ಇಂಥವನ್ನು ನೆಚ್ಚಿಕೊಳ್ಳುವಂತೆ ಅಳೆಯುವುದು ನಾನೂರು ವರ್ಷಗಳ ಹಿಂದಿನ ಗೋಪುರ ಗಡಿಯಾರಗಳಿಗೆ ಸಾಧ್ಯವಿರಲಿಲ್ಲ. ಒಂದು ದಾರ ಮತ್ತು ಅದರ ತುದಿಗೊಂದು ಗುಂಡು, ಇಷ್ಟರಿಂದಲೇ ಆ ಕೆಲಸವು ಆಗತಕ್ಕದ್ದೆಂದು ಕಂಡುಕೊಂಡವನು ಇಟಲಿಯ ಗೆಲಿಲಿಯೋ ಗೆಲಿಲಿ.

ಆತನು 1564ರ ಫೆಬ್ರವರಿ 15ರಂದು ಪಿಸಾ ನಗರದಲ್ಲಿ ಹುಟ್ಟಿದನು. ತಂದೆ ವಿಂಚೆನ್ಸಿಯೋ ಹೆಸರಾಂತ ಸಂಗೀತಗಾರ. ತಂತಿಗಳಿಗೆ ಭಾರಗಳನ್ನು ಕಟ್ಟಿ ಸ್ವರದ ಏರಿಳಿತವನ್ನು ಪರೀಕ್ಷಿಸಿದ ಶೋಧಕ. ಕಟ್ಟಿದ ತಂತಿ, ತೂಗುವ ಭಾರ ಇವುಗಳ ಪರಿಚಯ ಮಗನಿಗೆ ಮನೆಯಲ್ಲೇ ಆಗಿದ್ದಿರಬೇಕು. ಆದರೆ ಸಂಗೀತದಿಂದ ಹೊಟ್ಟೆ ತುಂಬುವುದು ಎಷ್ಟು ಕಷ್ಟವೆಂಬುದನ್ನು ಬಲ್ಲ ತಂದೆಯು ಮಗನನ್ನು 1581ರಲ್ಲಿ ವೈದ್ಯವಿದ್ಯೆಗೆ ಹಾಕಿದನು. ಮಗನ ಮನಸ್ಸು ಗಣಿತದ ಕಡೆಗೆ ಹರಿಯಿತು. 1585ರಲ್ಲಿ ಆತನು ಪದವಿಯಿಲ್ಲದೆಯೇ ವಿಶ್ವವಿದ್ಯಾಲಯವನ್ನು ಬಿಟ್ಟನು.

ಪಿಸಾದ ದೇವಾಲಯದಲ್ಲಿ ತೂಗಾಡುತ್ತಿದ್ದ ದೀಪವನ್ನು ಕಂಡು, ತನ್ನ ನಾಡಿಯನ್ನೇ ಗಡಿಯಾರವಾಗಿ ಹಿಡಿದು, ದೀಪವು ದೊಡ್ಡದಾಗಿ ತೂಗಿದರೂ ಚಿಕ್ಕದಾಗಿ ತೂಗಿದರೂ ಒಂದೇ ಕಾಲ ಹಿಡಿಯುವುದೆಂದು ಆತನು ತಿಳಿದುಕೊಂಡನೆಂಬ ಕಥೆ ಶಾಲೆಯ ಪುಸ್ತಕಗಳಲ್ಲೆಲ್ಲ ಉಂಟು. ಕಥೆಯನ್ನು ಬರೆದವನು ಆತನ ಕೊನೆಗಾಲದ ಶಿಷ್ಯ ವಿವಿಯಾನಿ. ಹೇಳಿದ ವರ್ಷ 1583. ಇಂದು ಗೆಲಿಲಿಯೋವಿನ ದೀಪವೆಂದು ಯಾತ್ರಿಕರಿಗೆ ತೋರಿಸುವ ದೀಪವನ್ನು ತೂಗುಹಾಕಿದ್ದೇ 1587ರಲ್ಲಿ! ಬೇರೊಂದು ದೀಪವಿದ್ದಿರಬಾರದೆಂದೇನೂ ಇಲ್ಲ. ಆದರೂ ಶಿಷ್ಯರು ಬರೆದ ಗುರುಚರಿತ್ರೆಗಳನ್ನು ಸ್ವಲ್ಪ ಸೋಸಿ ಓದುವುದೇ ಮೇಲು. 1602ರಲ್ಲಿ ಪಾದುವಾದಲ್ಲಿದ್ದ ಗೆಲಿಲಿಯೋ ತನ್ನ ಆಶ್ರಯದಾತನಾದ ಗ್ವಿದೊಬಾಲ್ದೋಗೆ ಲೋಲಕದ ಸಮಕಾಲ ಗುಣವನ್ನು ಕುರಿತು ಕಾಗದ ಬರೆದುದಂತೂ ನಿಶ್ಚಯ.

ಆತನು ಕಂಡುಕೊಂಡ ನಿಯಮ ಇಷ್ಟು: ಲೋಲಕದ ಕಾಲವನ್ನು ನಿರ್ಧರಿಸುವುದು ಗುಂಡಿನ ತೂಕವಲ್ಲ, ದಾರದ ಉದ್ದ. ಕಾಲವು ಎರಡರಷ್ಟಾಗಬೇಕಾದರೆ ದಾರವು ನಾಲ್ಕರಷ್ಟಾಗಬೇಕು. ತೂಗಾಟದ ಅಗಲವೂ ಲೆಕ್ಕಕ್ಕಿಲ್ಲವೆಂದು ಆತನು ನಂಬಿದ್ದನು. ಅದು ಪೂರ್ತಿ ಸರಿಯಲ್ಲ. ತೂಗಾಟ ಚಿಕ್ಕದಾಗಿರುವವರೆಗೆ ಮಾತ್ರ ಆ ಮಾತು ನಿಲ್ಲುತ್ತದೆ.

ಈ ನಿಯಮವನ್ನು ಮೊದಲು ಉಪಯೋಗಕ್ಕೆ ತಂದವರು ವೈದ್ಯರು. ವೆನಿಸ್ಸಿನ ಸಾಂತೋರಿಯೋ ಎಂಬ ವೈದ್ಯನು ದಾರವನ್ನು ಉದ್ದ ಗಿಡ್ಡ ಮಾಡುತ್ತ, ಗುಂಡಿನ ತೂಗಾಟವು ರೋಗಿಯ ನಾಡಿಗೆ ಸರಿಹೊಂದಿದಾಗ ದಾರದ ಅಳತೆಯನ್ನು ಗುರುತುಹಾಕಿಕೊಳ್ಳುತ್ತಿದ್ದನು. ಒಮ್ಮೆ ನಾಡಿಯಿಂದ ಲೋಲಕವನ್ನು ಅಳೆದಿದ್ದರೆ, ಈಗ ಲೋಲಕದಿಂದ ನಾಡಿಯನ್ನು ಅಳೆದಂತಾಯಿತು. ವಾಚಕರು ಇದನ್ನು ತಾವೇ ಮಾಡಿ ನೋಡಬಹುದು. ದರ್ಜಿಯ ಅಳತೆ ಟೇಪು, ಒಂದು ಗಟ್ಟಿ ದಾರ, ಒಂದು ಕಬ್ಬಿಣದ ನಟ್ಟು ಸಾಕು. ಕಟ್ಟಿದ ಜಾಗದಿಂದ ನಟ್ಟಿನ ನಡುಮಧ್ಯದವರೆಗೆ 99 ಸೆಂಟಿಮೀಟರ್ ಇದ್ದರೆ, ನಮ್ಮ ಮುಂಬಯಿಯಲ್ಲಿ ಈ ಕಡೆಯಿಂದ ಆ ಕಡೆಗೆ ಹೋಗಲು ಅದಕ್ಕೆ ಸರಿಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ನಿಮಿಷಕ್ಕೆ 72 ಸಲ ಬಡಿಯುವ ನಾಡಿಯೊಡನೆ ಹೆಜ್ಜೆ ಹಾಕಲು ದಾರ 69 ಸೆಂಟಿಮೀಟರ್ ಇರಬೇಕು. ನಾಡಿಯು 100ಕ್ಕೆ ಏರಿದರೆ 36ಕ್ಕೆ ಇಳಿಸಬೇಕು. ಹೀಗೆ ರೋಗಿಯ ಮೈಯೊಳಗಿನ ವೇಗವು ಕಣ್ಣಿಗೆ ಕಾಣುವ ಉದ್ದವಾಗಿ ಮಾರ್ಪಡುತ್ತದೆ.

ಈ 99 ಸೆಂಟಿಮೀಟರ್ ಎಲ್ಲ ಊರಿಗೂ ಒಂದೇ ಅಲ್ಲ. ಲಂಡನ್ನಿನಲ್ಲಿ ಅದು ಕೂದಲೆಳೆಯಷ್ಟು ಹೆಚ್ಚು, ಏಕೆಂದರೆ ಭೂಮಿಯ ಸೆಳೆತ ಅಲ್ಲಿ ಸ್ವಲ್ಪ ಬಲ. ಆ ಸೆಳೆತವನ್ನು ಅಳೆಯುವುದಕ್ಕಾಗಿಯೇ ಕ್ಯಾಪ್ಟನ್ ಬಸೇವಿ ಎಂಬ ಸರ್ವೆ ಅಧಿಕಾರಿಯು 1865ರಿಂದ ಲೋಲಕಗಳನ್ನು ಹೊತ್ತು ಬೆಂಗಳೂರು, ಮಂಗಳೂರುಗಳಲ್ಲಿಯೂ ತೂಗಿಸಿ ನೋಡಿದನು. 1871ರಲ್ಲಿ ಲಡಾಖಿನ ಎತ್ತರದಲ್ಲಿ ಅದೇ ಕೆಲಸದಲ್ಲಿದ್ದಾಗ ಆತನ ಪ್ರಾಣ ಹೋಯಿತು.

ಗೆಲಿಲಿಯೋವಿನ ಬದುಕಿಗೆ ಮರಳೋಣ. 1591ರಲ್ಲಿ ತಂದೆ ತೀರಿಕೊಂಡನು. ಮನೆಯ ಭಾರ ಹಿರಿಯ ಮಗನ ಹೆಗಲಿಗೆ ಬಂದಿತು. ತಂಗಿಯರ ವರದಕ್ಷಿಣೆಯ ಸಾಲವನ್ನು ತೀರಿಸುವುದರಲ್ಲಿಯೇ ಆತನ ಯೌವನ ಸವೆಯಿತು. ಪಾಲು ಕೊಡುವೆನೆಂದ ತಮ್ಮನು ಕೊಡಲಿಲ್ಲ. ಪಾದುವಾದಲ್ಲಿ ಪ್ರಾಧ್ಯಾಪಕನಾಗಿದ್ದರೂ ಆತನು ವಿದ್ಯಾರ್ಥಿಗಳಿಗೆ ಮನೆಯಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟನು, ಗಣಿತದ ಕೈವಾರಗಳನ್ನು ಮಾಡಿಸಿ ಮಾರಿದನು. ಪರಸ್ಥಳದಲ್ಲಿ ದುಡಿದು ಊರಿನ ಮನೆಯನ್ನು ನಡೆಸುವವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇದೇ ವರ್ಷಗಳಲ್ಲಿ ಆತನು ಇಳಿಜಾರು ಹಲಗೆಯ ಮೇಲೆ ಗುಂಡುಗಳನ್ನು ಉರುಳಿಸಿ, ಬೀಳುವ ವಸ್ತುಗಳ ನಿಯಮವನ್ನು ಹುಡುಕಿದನು. ಅಲ್ಲಿ ಕಾಲವನ್ನು ಅಳೆದುದು ನೀರಿನಿಂದ: ಪಾತ್ರೆಯ ಸಣ್ಣ ನಾಳದಿಂದ ಸುರಿದ ನೀರನ್ನು ಹಿಡಿದು ತೂಗಿ, ತೂಕದ ಪ್ರಮಾಣವೇ ಕಾಲದ ಪ್ರಮಾಣವೆಂದು ಲೆಕ್ಕ ಹಾಕಿದನು. ಲೋಲಕದ ಗುಣವನ್ನು ಬಲ್ಲವನೇ ನೀರಿನ ಮೊರೆ ಹೊಕ್ಕುದು ವಿಚಿತ್ರವಾಗಿ ಕಾಣಬಹುದು. ಆದರೆ ಬರಿಯ ಲೋಲಕವು ತೂಗಾಟಗಳ ಎಣಿಕೆಯನ್ನು ಮಾತ್ರ ಕೊಡುತ್ತದೆ. ಎಣಿಸಲು ಒಬ್ಬನು ಕುಳಿತಿರಬೇಕು, ಮತ್ತು ಗಾಳಿಯ ತಡೆಯಿಂದ ಸ್ವಲ್ಪ ಹೊತ್ತಿಗೆ ಅದು ನಿಂತುಹೋಗುತ್ತದೆ.

ದೂರದರ್ಶಕದಿಂದ 1610ರಲ್ಲಿ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡುದು, 1632ರ ಗ್ರಂಥದಲ್ಲಿ ಭೂಮಿಯು ತಿರುಗುವುದೆಂಬ ಮತವನ್ನು ಎತ್ತಿಹಿಡಿದುದು, 1633ರ ಜೂನ್ 22ರಂದು ರೋಮಿನ ಧರ್ಮಸಭೆಯ ಮುಂದೆ ಮೊಣಕಾಲೂರಿ ಆ ಮತವನ್ನು ತ್ಯಜಿಸಿದೆನೆಂದು ಓದಬೇಕಾಗಿ ಬಂದುದು ಎಲ್ಲರಿಗೂ ತಿಳಿದ ಸಂಗತಿ. ಆ ಬಳಿಕ ಆತನಿಗೆ ಸಾಯುವವರೆಗೂ ಗೃಹಬಂಧನ. ಫ್ಲಾರೆನ್ಸಿನ ಹೊರಗೆ ಆರ್ಚೆತ್ರಿ ಎಂಬಲ್ಲಿ ಮನೆ. ಹತ್ತಿರದ ಕನ್ಯಾಮಠದಲ್ಲಿ ಸನ್ಯಾಸಿನಿಯಾಗಿದ್ದ ಹಿರಿಯ ಮಗಳೇ ಆತನಿಗೆ ಆಸರೆ. ಆಕೆಯೂ 1634ರ ಏಪ್ರಿಲ್‌ನಲ್ಲಿ ತೀರಿಕೊಂಡಳು. 1638ರ ಹೊತ್ತಿಗೆ ಎರಡು ಕಣ್ಣುಗಳೂ ಹೋದವು.

ಗಡಿಯಾರದ ವಿಚಾರವು ಪೂರ್ಣರೂಪಕ್ಕೆ ಬಂದುದು ಆ ಕತ್ತಲೆಯಲ್ಲಿ. 1641ರಲ್ಲಿ ಆತನು ಮಗ ವಿಂಚೆನ್ಸಿಯೋನನ್ನು ಬಳಿಗೆ ಕರೆದು, ಹಲ್ಲುಚಕ್ರವೊಂದು ಲೋಲಕಕ್ಕೆ ಪ್ರತಿ ತೂಗಿಗೂ ಸಣ್ಣ ನೂಕು ಕೊಡುವಂತೆಯೂ, ಲೋಲಕವು ಆ ಚಕ್ರವನ್ನು ಒಂದೊಂದೇ ಹಲ್ಲಿನಂತೆ ಬಿಡುವಂತೆಯೂ ಜೋಡಿಸುವ ಉಪಾಯವನ್ನು ಬಾಯಿಂದ ವಿವರಿಸಿದನು. ನಿಂತುಹೋಗುವ ದೋಷ, ಎಣಿಸುವವನು ಬೇಕೆಂಬ ದೋಷ, ಎರಡಕ್ಕೂ ಅದೊಂದೇ ಪರಿಹಾರ. ಕಾಣದ ತಂದೆಯು ಹೇಳಿದುದನ್ನು ಕಾಣುವ ಮಗನು ಗುರುತು ಮಾಡಿಕೊಂಡನು. ಯಂತ್ರವು ಸಿದ್ಧವಾಗುವ ಮೊದಲೇ, 1642ರ ಜನವರಿ 8ರಂದು ಗೆಲಿಲಿಯೋ ಕಾಲವಶನಾದನು. ಮಗನು 1649ರಲ್ಲಿ ಕೆಲಸವನ್ನು ಕೈಗೆತ್ತಿಕೊಂಡು, ಅದೇ ವರ್ಷ ತಾನೂ ತೀರಿಕೊಂಡನು.

ನಡೆಯುವ ಲೋಲಕ ಗಡಿಯಾರವನ್ನು 1656ರಲ್ಲಿ ಲೋಕಕ್ಕೆ ಕೊಟ್ಟವನು ಹಾಲೆಂಡಿನ ಹೈಗೆನ್ಸ್. ದಿನಕ್ಕೆ ಕಾಲುಗಂಟೆಯಷ್ಟು ತಪ್ಪುತ್ತಿದ್ದ ಗಡಿಯಾರಗಳ ತಪ್ಪು ಅದರಿಂದ ಕೆಲವೇ ಸೆಕೆಂಡುಗಳಿಗೆ ಇಳಿಯಿತು. 1669ರಲ್ಲಿ ಗೆಲಿಲಿಯೋವಿನ ಸೊಸೆಯು ಮೃತಳಾದಾಗ ಮನೆಯ ಸಾಮಾನುಗಳ ಪಟ್ಟಿಯನ್ನು ಮಾಡಿದರು. ಅದರಲ್ಲಿ ಲೋಲಕವುಳ್ಳ, ಪೂರ್ತಿಯಾಗದ ಒಂದು ಕಬ್ಬಿಣದ ಗಡಿಯಾರವೂ ಸೇರಿತ್ತು.