ರೋಗಿಗಳ ಪಾಲಕ ಸಂತ ಕಮಿಲ್ಲಸ್

ನಿಮ್ಮ ಮನೆಯಲ್ಲಿ ಯಾರಾದರೂ ಬಹುದಿನಗಳಿಂದ ಹಾಸಿಗೆ ಹಿಡಿದಿದ್ದಾರೆಯೇ? ಅವರಿಗಾಗಿ ಪ್ರಾರ್ಥಿಸುವಾಗ, ನಿದ್ದೆಗೆಟ್ಟು ಅವರ ಆರೈಕೆ ಮಾಡುವವರನ್ನೂ ನೆನೆಯುತ್ತೀರಾ? ಇವರಿಬ್ಬರ ಕಷ್ಟವನ್ನೂ ಸ್ವತಃ ಅನುಭವಿಸಿದವರು ಸಂತ ಕಮಿಲ್ಲಸ್ ದೆ ಲೆಲ್ಲಿಸ್.

1550ರಲ್ಲಿ ಇಟಲಿಯ ಬುಕ್ಕಿಯಾನಿಕೊದಲ್ಲಿ ಜನಿಸಿದ ಕಮಿಲ್ಲಸ್ ಸೈನಿಕರಾದರು. ಜೂಜಿನ ದಾಸರೂ ಆದರು. ಕಾಲಿನ ಹುಣ್ಣಿನ ಚಿಕಿತ್ಸೆಗೆಂದು ರೋಮಿನ ಸಾನ್ ಜಾಕೊಮೊ ಆಸ್ಪತ್ರೆ ಸೇರಿದರೂ ಜೂಜಿನ ಚಟದಿಂದ ಅಲ್ಲಿಂದ ಹೊರಬೀಳಬೇಕಾಯಿತು. 1575ರಲ್ಲಿ ದೇವರು ಅವರ ಮನಸ್ಸನ್ನು ತಿರುಗಿಸಿದರು. ಕಪುಚಿನ್ ಸಂನ್ಯಾಸಿಯಾಗಲು ಹಂಬಲಿಸಿದರು. ಆದರೆ ವಾಸಿಯಾಗದ ಆ ಹುಣ್ಣು ಅದಕ್ಕೂ ಅಡ್ಡಿಯಾಯಿತು.

ಹಳೆಯ ಆಸ್ಪತ್ರೆಗೇ ಮರಳಿದ ಅವರು ಈ ಬಾರಿ ರೋಗಿಗಳ ಸೇವಕರಾದರು. ಕೂಲಿಯಾಳುಗಳು ರೋಗಿಗಳನ್ನು ಕಡೆಗಣಿಸುವುದನ್ನು ಕಂಡು ಮರುಗಿ, ಪ್ರೀತಿಯಿಂದ ಸೇವೆ ಮಾಡುವ ಸಂಗಡಿಗರನ್ನು ಕೂಡಿಸಿದರು. 1584ರಲ್ಲಿ ಗುರುದೀಕ್ಷೆ ಪಡೆದರು. ಎದೆಯ ಮೇಲೆ ಕೆಂಪು ಶಿಲುಬೆ ಧರಿಸುವ ಅವರ ಸಭೆಯವರು, ಪ್ರಾಣಾಪಾಯವಿದ್ದರೂ ರೋಗಿಗಳ ಸೇವೆ ಮಾಡುವುದಾಗಿ ನಾಲ್ಕನೆಯ ವ್ರತ ತೊಟ್ಟರು. ಕಮಿಲ್ಲಸರಿಗೆ ಪ್ರತಿ ರೋಗಿಯೂ ಸಾಕ್ಷಾತ್ ಯೇಸುಸ್ವಾಮಿಯೇ.

1614ರ ಜುಲೈ 14ರಂದು ಸಾಯುವವರೆಗೂ ಅವರ ಹುಣ್ಣು ಮಾಯಲಿಲ್ಲ. ಆದರೂ ಅವರ ಪ್ರಾರ್ಥನೆ ವ್ಯರ್ಥವಾಗಲಿಲ್ಲ; ಆ ನೋವೇ ಅವರಿಗೆ ಪರರ ನೋವನ್ನು ಅರಿಯಲು ಕಲಿಸಿತು. 1746ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು; 1930ರಲ್ಲಿ ಪೋಪ್ ಹನ್ನೊಂದನೆಯ ಪಯಸ್ ಅವರನ್ನು ದಾದಿಯರ ಪಾಲಕರನ್ನಾಗಿ ಸಾರಿದರು.

ಇಂದು ಸಂಜೆಯ ಜಪಮಾಲೆಯಲ್ಲಿ ನಿಮ್ಮ ರೋಗಿಯ ಹೆಸರಿನೊಡನೆ ಅವರನ್ನು ನೋಡಿಕೊಳ್ಳುವವರ ಹೆಸರನ್ನೂ ಸೇರಿಸಿ. ಬಳಿಕ ನೀವೇ ಒಂದು ಗಳಿಗೆ ರೋಗಿಯ ಬಳಿ ಕುಳಿತು, ದಣಿದವರಿಗೆ ವಿಶ್ರಾಂತಿ ಕೊಡಿ. ಅದೂ ಪ್ರಾರ್ಥನೆಯೇ.

ಸಂತ ಕಮಿಲ್ಲಸರೇ, ನಮಗಾಗಿ ಪ್ರಾರ್ಥಿಸಿರಿ.