ಪ್ರೋಟೀನ್‌ಗಳಿಗೆ ಅಕ್ಷರಮಾಲೆ ಕೊಟ್ಟ ಡೇಹಾಫ್

ಎರಡು ಜೀವಿಗಳ ಪ್ರೋಟೀನ್‌ಗಳನ್ನು ಕಂಪ್ಯೂಟರ್‌ನಲ್ಲಿ ಹೋಲಿಸಿ ನೋಡುವುದು ಇಂದು ಜೈವಿಕ ಮಾಹಿತಿ ತಂತ್ರಜ್ಞಾನದ ವಿದ್ಯಾರ್ಥಿಗಳಿಗೆ ಮೊದಲ ಪಾಠ. ಆ ಪಾಠಕ್ಕೆ ಬೇಕಾದ ಅಕ್ಷರ, ಸಂಗ್ರಹ ಮತ್ತು ಅಳತೆಗೋಲನ್ನು ಒದಗಿಸಿದವರು ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಓಕ್ಲಿ ಡೇಹಾಫ್.

1925ರ ಮಾರ್ಚ್ 11ರಂದು ಫಿಲಡೆಲ್ಫಿಯಾದಲ್ಲಿ ಜನಿಸಿದ ಅವರು 1945ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪದವಿ ಪಡೆದರು. ಬಳಿಕ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕ್ವಾಂಟಂ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಗಳಿಸಿದರು. ಅಣುಗಳ ಶಕ್ತಿಯನ್ನು ಪಂಚ್ ಕಾರ್ಡ್ ಯಂತ್ರಗಳಲ್ಲಿ ಲೆಕ್ಕ ಹಾಕಿದ್ದು ಆಗಲೇ. ಇಬ್ಬರು ಹೆಣ್ಣುಮಕ್ಕಳ ಪಾಲನೆಗಾಗಿ ಕೆಲವು ವರ್ಷ ಸಂಶೋಧನೆಯಿಂದ ದೂರ ಉಳಿದ ಅವರು, 1960ರಲ್ಲಿ ರಾಷ್ಟ್ರೀಯ ಜೈವಿಕ ವೈದ್ಯಕೀಯ ಸಂಶೋಧನಾ ಪ್ರತಿಷ್ಠಾನವನ್ನು ಸೇರಿದರು.

ಪ್ರೋಟೀನ್ ಎಂದರೆ 20 ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಅದನ್ನು ತುಂಡು ತುಂಡಾಗಿಯೇ ಓದಬೇಕಿತ್ತು. ಆ ತುಂಡುಗಳನ್ನು ಜೋಡಿಸಿ ಪೂರ್ಣ ಸರವನ್ನು ಊಹಿಸುವ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಡೇಹಾಫ್ ಅವರು ರಾಬರ್ಟ್ ಲೆಡ್ಲಿ ಜೊತೆ 1962ರಲ್ಲಿ ಪ್ರಕಟಿಸಿದರು. ಮೂರಕ್ಷರದ ಹೆಸರುಗಳು ಕಾರ್ಡುಗಳಲ್ಲಿ ಹೆಚ್ಚು ಜಾಗ ನುಂಗುತ್ತಿದ್ದುದರಿಂದ ಪ್ರತಿ ಅಮೈನೋ ಆಮ್ಲಕ್ಕೂ ಒಂದೇ ಅಕ್ಷರದ ಸಂಕೇತ ರೂಪಿಸಿದರು. ಇಂದಿಗೂ ಬಳಕೆಯಲ್ಲಿರುವುದು ಅದೇ ಪದ್ಧತಿ.

ಅಂದಿನವರೆಗೆ ತಿಳಿದಿದ್ದ 65 ಪ್ರೋಟೀನ್‌ಗಳ ಸರಣಿಗಳನ್ನು ಒಟ್ಟುಗೂಡಿಸಿ 1965ರಲ್ಲಿ ಅವರು ಹೊರತಂದ 'ಅಟ್ಲಾಸ್' ಈ ಕ್ಷೇತ್ರದ ಮೊದಲ ಕೋಶವೆನಿಸಿತು. ಆದರೆ ಪರರು ಪ್ರಯೋಗಾಲಯದಲ್ಲಿ ದುಡಿದು ಪಡೆದ ಮಾಹಿತಿಯನ್ನು ಕಲೆಹಾಕುವುದನ್ನು ನಿಜವಾದ ಸಂಶೋಧನೆಯೆಂದು ಒಪ್ಪಲು ಹಲವರು ಸಿದ್ಧರಿರಲಿಲ್ಲ.

ಸಂಗ್ರಹದಿಂದ ಏನು ಸಾಧ್ಯವೆಂಬುದಕ್ಕೆ 1978ರಲ್ಲಿ ಉತ್ತರ ದೊರೆಯಿತು. ಹತ್ತಿರದ ಸಂಬಂಧವುಳ್ಳ ಪ್ರೋಟೀನ್‌ಗಳ 71 ಗುಂಪುಗಳಲ್ಲಿ ಕಂಡ 1,572 ಬದಲಾವಣೆಗಳನ್ನು ಡೇಹಾಫ್ ತಂಡ ಎಣಿಸಿತು. ವಿಕಾಸದ ಹಾದಿಯಲ್ಲಿ ಸುಲಭವಾಗಿ ನಡೆಯುವ ಬದಲಾವಣೆಗೆ ಹೆಚ್ಚು ಅಂಕ, ಅಪರೂಪದ್ದಕ್ಕೆ ಕಡಿಮೆ ಅಂಕ. 'ಪ್ಯಾಮ್' ಎಂದು ಹೆಸರಾದ ಈ ಕೋಷ್ಟಕಗಳಿಂದಾಗಿ, ಅಕ್ಷರಗಳು ಬಹಳಷ್ಟು ಬದಲಾಗಿದ್ದರೂ ದೂರದ ಬಂಧುತ್ವವನ್ನು ಗುರುತಿಸುವುದು ಸಾಧ್ಯವಾಯಿತು.

ಇಷ್ಟಾದರೂ 1982ರಲ್ಲಿ ಅಮೆರಿಕ ಸರ್ಕಾರದ ಡಿಎನ್ಎ ಮಾಹಿತಿ ಕೋಶ 'ಜೆನ್‌ಬ್ಯಾಂಕ್'ನ ಹೊಣೆ ಅವರ ಸಂಸ್ಥೆಗೆ ಸಿಗಲಿಲ್ಲ. ಅದು ಲಾಸ್ ಅಲಮೋಸ್ ತಂಡದ ಪಾಲಾಯಿತು. ಮರುವರ್ಷ ಫೆಬ್ರವರಿ 5ರಂದು ಹೃದಯಾಘಾತದಿಂದ ನಿಧನರಾದಾಗ ಅವರಿಗೆ 57 ವರ್ಷ.

1984ರಲ್ಲಿ ಅವರ ಸಂಗ್ರಹವೇ ಪ್ರೋಟೀನ್ ಮಾಹಿತಿ ಸಂಪನ್ಮೂಲವಾಗಿ ರೂಪುಗೊಂಡಿತು. 2002ರಲ್ಲಿ ಆ ಸಂಸ್ಥೆ ಯುರೋಪಿನ ಸಂಸ್ಥೆಗಳೊಡನೆ ಕೈಜೋಡಿಸಿ 'ಯುನಿಪ್ರಾಟ್' ಕೋಶಕ್ಕೆ ನಾಂದಿ ಹಾಡಿತು. ಅರವತ್ತೈದರಿಂದ ಆರಂಭವಾದ ಎಣಿಕೆ ಇಂದು ಕೋಟಿಗಳಲ್ಲಿದೆ.